ತೋಟಾ ಬದಲಾದರೆ ಕೋವಿ ಏನು ಮಾಡಬೇಕು?

(ಚಿತ್ರದುರ್ಗದಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ)

ಬ್ಯಾಂಕಿನ ಬಾಗಿಲಲ್ಲಿ ಕಾವಲುಗಾರನ ಹೆಗಲಿಗೆ ನೇತುಬಿದ್ದಿರುವ ಜೋಡಿ ನಳಿಗೆ ಕೋವಿಯನ್ನು, ಅಂದರೆ ಪುಟ್ಟ ಗುಂಡುಗಳ ಚರೆ ಹೊಡೆಯುವ ಶಾಟ್‌ಗನ್ನನ್ನು, ನೀವೆಲ್ಲ ನೋಡಿದ್ದೀರಿ. ಯಾವ ತೋಟಾ ಹಾಕಿದರೂ ಅದಕ್ಕೆ ತಕರಾರಿಲ್ಲ. ಹಗುರದ್ದೋ ಬಿರುಸಿನದ್ದೋ, ಚೇಂಬರಿಗೆ (ನಳಿಗೆಯ ಹಿಂತುದಿಯಲ್ಲಿ ತೋಟಾ ಕೂರುವ ಗೂಡಿಗೆ) ಹೊಂದುವ ಅಳತೆಯದಾದರೆ ಹೊಡೆಯುತ್ತದೆ. ಖಾಲಿ ತೋಟಾ ತೆಗೆಯುವುದು, ಹೊಸದು ತುಂಬುವುದು ಮನುಷ್ಯನ ಕೆಲಸ. ಪೊಲೀಸರ ಬಳಿ ಇರುವ ಪಂಪ್ ಆಕ್ಷನ್ ಕೋವಿಯಲ್ಲೂ ಆ ಕೆಲಸ ಮಾಡುವುದು ಎಡಗೈ. ಮುಂದಿನ ಹಿಡಿಯನ್ನು ಹಿಂದಕ್ಕೆಳೆದು ಮುಂದಕ್ಕೆ ತಳ್ಳಬೇಕು. ಈ ಕೆಲಸವನ್ನು ಕೈಯಿಂದ ಕಿತ್ತು ತೋಟಾದ ಶಕ್ತಿಗೇ ವಹಿಸಿದಾಗ ತಾಪತ್ರಯ ಶುರುವಾಗುತ್ತದೆ. ಸೆಮಿ ಆಟೊಮ್ಯಾಟಿಕ್ ಅಂದರೆ ಟ್ರಿಗರ್ ಒಮ್ಮೆ ಎಳೆದರೆ ಒಂದೇ ಹೊಡೆತ, ಆದರೆ ಮುಂದಿನ ಹೊಡೆತಕ್ಕೆ ಕೋವಿ ತಾನೇ ತಯಾರಾಗುತ್ತದೆ. ಬೀಗ ಬಿಡಿಸಬೇಕು, ಖಾಲಿ ತೋಟಾ ಎಳೆಯಬೇಕು, ಹೊರಗೆ ಎಸೆಯಬೇಕು, ಕುದುರೆ (ತೋಟಾ ಸಿಡಿಸುವ ಸುತ್ತಿಗೆ) ಹೂಡಬೇಕು, ಹೊಸ ತೋಟಾ ಎತ್ತಬೇಕು, ಚೇಂಬರಿಗೆ ನೂಕಬೇಕು, ಮತ್ತೆ ಬೀಗ ಹಾಕಬೇಕು. ಕಣ್ಣು ಮಿಟುಕಿಸುವಷ್ಟರಲ್ಲಿ ಇಷ್ಟೂ ಆಗಬೇಕು.

ರೈಫಲ್‌ನಲ್ಲಿ ಇದು ಎಂದೋ ಬಗೆಹರಿದ ಲೆಕ್ಕ. ಒಂದು ರೈಫಲ್‌ಗೆ ಒಂದೇ ಬಗೆಯ ಗುಂಡು, ಅದರ ಒತ್ತಡ ಹೆಚ್ಚುಕಡಿಮೆ ಒಂದೇ. ಕೋವಿಯಲ್ಲಿ ಹಾಗಲ್ಲ. 12 ಬೋರ್ ಕೋವಿಗೆ ಹಾಕುವ ತೋಟಾದಲ್ಲಿ 24 ಗ್ರಾಂ ಸಣ್ಣ ಚರೆ ಇರಬಹುದು, 53 ಗ್ರಾಂ ಭಾರದ ಮ್ಯಾಗ್ನಮ್ ಚರೆ ಇರಬಹುದು, ಒಂಟಿ ಸೀಸದ ಗುಂಡು ಇರಬಹುದು, ಗುಂಪು ಚದುರಿಸುವ ರಬ್ಬರ್ ಗುಂಡೂ ಇರಬಹುದು. ಈಗ ನೀವೇ ಲೆಕ್ಕ ಹಾಕಿ. 24 ಗ್ರಾಂ ಚರೆ ಸೆಕೆಂಡಿಗೆ 400 ಮೀಟರ್ ವೇಗದಲ್ಲಿ ಹೊರಟರೆ ಅದರ ಸಂವೇಗ 9.6 ಕೆ.ಜಿ. ಮೀಟರ್ ಪ್ರತಿ ಸೆಕೆಂಡ್. 53 ಗ್ರಾಂ ಚರೆ 370 ಮೀಟರ್ ವೇಗದಲ್ಲಿ ಹೊರಟರೆ 19.6. ಕೋವಿಯ ತೂಕ 3.8 ಕೆ.ಜಿ. ಎಂದಿಟ್ಟುಕೊಳ್ಳಿ. ಮೊದಲನೆಯದಕ್ಕೆ ಕೋವಿ ಸೆಕೆಂಡಿಗೆ ಎರಡೂವರೆ ಮೀಟರ್ ವೇಗದಲ್ಲಿ ಹಿಂದಕ್ಕೆ ಒದೆಯುತ್ತದೆ, ಎರಡನೆಯದಕ್ಕೆ ಐದು ಮೀಟರ್ ದಾಟುತ್ತದೆ. ಶಕ್ತಿಯಲ್ಲಿ ಹೇಳುವುದಾದರೆ 12 ಜೂಲ್ ಮತ್ತು 50 ಜೂಲ್. ಮದ್ದಿನ ಅನಿಲದ ಪಾಲನ್ನು ಇಲ್ಲಿ ಬಿಟ್ಟಿದ್ದೇನೆ, ಸೇರಿಸಿದರೆ ಎರಡೂ ಇನ್ನಷ್ಟು ಏರುತ್ತವೆ. ಒದೆತದ ಶಕ್ತಿಯಲ್ಲಿ ನಾಲ್ಕು ಪಟ್ಟು ಅಂತರ. ಈ ಎರಡರಲ್ಲೂ ಚೇಂಬರಿನ ಹಿಂಬದಿಯನ್ನು ಮುಚ್ಚುವ ಅದೇ ಬೋಲ್ಟು, ಅದೇ ಸ್ಪ್ರಿಂಗು, ಅದೇ ರೀತಿ ಓಡಬೇಕು. ಸೆಮಿ ಆಟೊಮ್ಯಾಟಿಕ್ ಕೋವಿಯ ನೂರಿಪ್ಪತ್ತು ವರ್ಷಗಳ ವಿನ್ಯಾಸವನ್ನೆಲ್ಲ ಈ ಒಂದು ತಕರಾರಿಗೆ ಹುಡುಕಿದ ಉತ್ತರಗಳು ಎಂದು ಓದಬಹುದು. ಇವತ್ತು ನಾನು ಹಾಗೆಯೇ ಓದುತ್ತೇನೆ.

ಮೊದಲು ತೋಟಾವನ್ನೇ ಹತ್ತಿರದಿಂದ ನೋಡೋಣ. 12 ಬೋರ್ ಎಂದರೆ ಒಂದು ಪೌಂಡ್ ಸೀಸದಿಂದ ಸಮನಾದ 12 ಗುಂಡು ಎರಕ ಹೊಯ್ದರೆ ಒಂದೊಂದು ಎಷ್ಟು ದಪ್ಪ ಇರುತ್ತದೋ ನಳಿಗೆಯ ಒಳಮೈ ಅಷ್ಟು, ಅಂದರೆ 18.5 ಮಿ.ಮೀ. ತೋಟಾದ ಮೇಲೆ 70 ಎಂದೋ 76 ಎಂದೋ ಬರೆದಿರುತ್ತದೆ. ಅದು ಹೊಡೆಯುವ ಮುಂಚಿನ ಉದ್ದವಲ್ಲ, ಹೊಡೆದ ಮೇಲೆ ಬಾಯಿ ಬಿಚ್ಚಿಕೊಂಡ ಪ್ಲಾಸ್ಟಿಕ್ ಕೊಳವೆಯ ಉದ್ದ. ಮಡಚಿದ ಬಾಯಿಯ ಹೊಸ ತೋಟಾ ಇದಕ್ಕಿಂತ ಒಂದು ಸೆಂಟಿಮೀಟರಿಗೂ ಹೆಚ್ಚು ಗಿಡ್ಡ. ಅಪಾಯ ಇರುವುದೇ ಇಲ್ಲಿ. 76 ಮಿ.ಮೀ. ತೋಟಾ 70 ಮಿ.ಮೀ. ಚೇಂಬರಿಗೆ ಸಲೀಸಾಗಿ ಇಳಿಯಬಹುದು, ಬೋಲ್ಟೂ ಮುಚ್ಚಿಕೊಳ್ಳಬಹುದು. ಹೊಡೆದಾಗ ಬಾಯಿ ಬಿಚ್ಚಲು ಜಾಗವಿಲ್ಲದೆ ನಳಿಗೆ ಕಿರಿದಾಗುವ ಕಡೆ ಸಿಕ್ಕಿಕೊಳ್ಳುತ್ತದೆ, ಚರೆ ಆ ಇಕ್ಕಟ್ಟಿನಲ್ಲಿ ನುಗ್ಗಬೇಕಾಗುತ್ತದೆ, ಒತ್ತಡ ಏರುತ್ತದೆ. ಒಳಗೆ ಹೋಯಿತು ಅಂದಮಾತ್ರಕ್ಕೆ ಸರಿಯಾದ ತೋಟಾ ಎಂದು ತಿಳಿಯಬಾರದು. ನಳಿಗೆಯ ಮೇಲೆ ಕೊರೆದಿರುವ ಅಳತೆಯನ್ನು ಓದಬೇಕು.

ಇನ್ನು ಒತ್ತಡ. 12 ಬೋರ್ ತೋಟಾದ ಗರಿಷ್ಠ ಒತ್ತಡ ಅಮೆರಿಕದ ಮಾನದಂಡದಲ್ಲಿ ಚದರ ಇಂಚಿಗೆ 11,500 ಪೌಂಡ್. ಸೇನೆಯ 5.56 ಮಿ.ಮೀ. ರೈಫಲ್‌ನದು ಅದರ ಐದು ಪಟ್ಟಿಗೂ ಹೆಚ್ಚು. ಕೋವಿಯ ನಳಿಗೆ ತೆಳ್ಳಗಿರುವುದು ಇದೇ ಕಾರಣಕ್ಕೆ. ಯಂತ್ರ ಓಡಿಸಲು ಸಿಗುವ ಅನಿಲಕ್ಕೆ ಕಸುವು ಕಡಿಮೆ ಇರುವುದೂ ಇದೇ ಕಾರಣಕ್ಕೆ.

ಇಲ್ಲಿ ಒಂದು ಮಾತು, ದಾರಿ ಬಿಟ್ಟು. ನಿಮ್ಮ ಕೋಟೆಯೊಳಗೆ ಮದ್ದು ಅರೆಯುತ್ತಿದ್ದ ದೊಡ್ಡ ಬೀಸುವ ಕಲ್ಲುಗಳಿವೆಯಲ್ಲ, ಅವುಗಳಲ್ಲಿ ತಯಾರಾದದ್ದು ಕರಿಮದ್ದು. ಕರಿಮದ್ದು ಉರಿದರೆ ಅರ್ಧಕ್ಕಿಂತ ಹೆಚ್ಚು ಪಾಲು ಅನಿಲವಾಗುವುದೇ ಇಲ್ಲ, ಹೊಗೆಯಾಗಿ ಹೋಗುತ್ತದೆ, ಇಲ್ಲವೆ ಗಸಿಯಾಗಿ ನಳಿಗೆಯಲ್ಲೇ ಕೂರುತ್ತದೆ. ಆ ಗಸಿ ತೇವ ಹೀರಿ ಕಬ್ಬಿಣವನ್ನು ತಿನ್ನುತ್ತದೆ. ಆ ಮದ್ದಿನಲ್ಲಿ ತಾನೇ ತುಂಬಿಕೊಳ್ಳುವ ಕೋವಿ ಮಾಡಿದ್ದರೆ ಕೆಲವೇ ಹೊಡೆತಕ್ಕೆ ಎಲ್ಲ ಸಂದುಗಳೂ ಕಚ್ಚಿಕೊಳ್ಳುತ್ತಿದ್ದವು. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೇಲ್ ಹೊಗೆಯಿಲ್ಲದ ಮದ್ದು ತಯಾರಿಸಿದ. ಹದಿನೈದಿಪ್ಪತ್ತು ವರ್ಷಗಳೊಳಗೆ ಸ್ವಯಂಚಾಲಿತ ಬಂದೂಕುಗಳು ಸಾಲುಗಟ್ಟಿ ಬಂದದ್ದು ಕಾಕತಾಳೀಯವಲ್ಲ.

ಕೋವಿಯ ಮಟ್ಟಿಗೆ ಮೊದಲ ಗಟ್ಟಿ ಉತ್ತರ ಅಮೆರಿಕದ ಜಾನ್ ಬ್ರೌನಿಂಗ್‌ನದು. ಅವನ ಆಟೊ-5 ಕೋವಿಯನ್ನು ಬೆಲ್ಜಿಯಂನ ಎಫ್‌ಎನ್ ಕಾರ್ಖಾನೆ 1902–03ರ ಹೊತ್ತಿಗೆ ಮಾರತೊಡಗಿತು. ಅದರಲ್ಲಿ ನಳಿಗೆಯೇ ಚಲಿಸುತ್ತದೆ. ಹೊಡೆದಾಗ ನಳಿಗೆ ಮತ್ತು ಬೋಲ್ಟು ಬೀಗ ಹಾಕಿಕೊಂಡೇ ತೋಟಾದ ಉದ್ದಕ್ಕಿಂತ ಹೆಚ್ಚು ದೂರ ಹಿಂದಕ್ಕೆ ಹೋಗುತ್ತವೆ. ಬೋಲ್ಟು ಅಲ್ಲೇ ತಡೆದು ನಿಲ್ಲುತ್ತದೆ, ನಳಿಗೆ ಮಾತ್ರ ಮುಂದಕ್ಕೆ ಮರಳುತ್ತದೆ. ಖಾಲಿ ತೋಟಾದ ಮೇಲಿಂದ ನಳಿಗೆ ಕಳಚಿಕೊಂಡು ಹೋಗುತ್ತದೆ ಎನ್ನಿ. ತೋಟಾದ ಬಿರುಸಿನ ವ್ಯತ್ಯಾಸಕ್ಕೆ ಬ್ರೌನಿಂಗ್ ಕೊಟ್ಟ ಪರಿಹಾರ ಘರ್ಷಣೆ. ಮುಂಗೈ ಹಿಡಿಯ ಒಳಗೆ, ತೋಟಾಗಳನ್ನು ಕೂಡಿಡುವ ಮ್ಯಾಗಜೀನ್ ಕೊಳವೆಯ ಸುತ್ತ, ಒಂದು ಕಂಚಿನ ತುಂಡೂ ಓರೆ ಅಂಚಿನ ಉಕ್ಕಿನ ಬಳೆಯೂ ಇರುತ್ತವೆ. ಬಿರುಸಿನ ತೋಟಾಗೆ ಬಳೆಯನ್ನು ಕಂಚನ್ನು ಅದುಮುವಂತೆ ಜೋಡಿಸಬೇಕು, ಅದು ಬ್ರೇಕು ಹಾಕುತ್ತದೆ. ಹಗುರದ್ದಕ್ಕೆ ಬಳೆಯನ್ನು ಅಲ್ಲಿಂದ ತೆಗೆದು ಸ್ಪ್ರಿಂಗಿನ ಹಿಂದೆ ಇಡಬೇಕು. ಬಹಳ ಚೆನ್ನಾದ ಯೋಚನೆ, ಆದರೆ ಕೋವಿ ಬಿಚ್ಚದೆ ಬದಲಿಸಲಾಗದು. ಬಳೆ ತಪ್ಪಾಗಿ ಕೂತರೂ, ಯಾರೋ ಆ ಕೊಳವೆಗೆ ಧಾರಾಳವಾಗಿ ಎಣ್ಣೆ ಹಚ್ಚಿದರೂ ಬ್ರೇಕು ಇಲ್ಲದಂತಾಗುತ್ತದೆ, ನಳಿಗೆ ರಭಸದಿಂದ ಹಿಂದಕ್ಕೆ ಬಡಿದು ಮುಂಗೈ ಹಿಡಿಯ ಮರ ಸೀಳುತ್ತದೆ. ಹಳೆಯ ಆಟೊ-5ಗಳಲ್ಲಿ ಬಿರುಕು ಬಿಟ್ಟ ಮರ ಕಂಡರೆ ಮೊದಲು ಅನುಮಾನಿಸಬೇಕಾದದ್ದು ಇದನ್ನೇ. ಬ್ರಿಟಿಷರು ಮಲಯಾದ ಕಾಡಿನ ಯುದ್ಧದಲ್ಲಿ ಬಳಸಿದ ಕೋವಿಗಳಲ್ಲಿ ಇದೂ ಒಂದು.

ಎರಡನೆಯ ಉತ್ತರ ಇಟಲಿಯದು, ಜಡತ್ವದ ಪದ್ಧತಿ. ಬ್ರೂನೊ ಚಿವೊಲಾನಿ ರೂಪಿಸಿದ ಇದನ್ನು ಉರ್ಬಿನೊ ಊರಿನ ಬೆನೆಲ್ಲಿ ಕಂಪನಿ 1967ರಿಂದ ಬೆಳೆಸಿಕೊಂಡು ಬಂತು. ಇಲ್ಲಿ ಅನಿಲ ತೆಗೆಯುವ ತೂತಿಲ್ಲ, ಚಲಿಸುವ ನಳಿಗೆಯಿಲ್ಲ. ಬೋಲ್ಟು ಎರಡು ಭಾಗ: ತಿರುಗಿ ಬೀಗ ಹಾಕುವ ತಲೆ, ಭಾರದ ಮೈ. ನಡುವೆ ಒಂದು ದಪ್ಪ, ಗಿಡ್ಡ ಸ್ಪ್ರಿಂಗ್. ನಿಂತಿದ್ದ ಬಸ್ಸು ಜಗ್ಗೆಂದು ಮುಂದಕ್ಕೆ ಹೊರಟಾಗ ಕಂಬಿ ಹಿಡಿಯದೆ ನಿಂತವರು ಹಿಂದಕ್ಕೆ ವಾಲುತ್ತಾರಲ್ಲ, ಹಾಗೆ ಕೋವಿ ಹಿಂದಕ್ಕೆ ಒದೆದಾಗ ಬೋಲ್ಟಿನ ಮೈ ಇದ್ದಲ್ಲೇ ಉಳಿಯುತ್ತದೆ. ಉಳಿದದ್ದರಿಂದ ನಡುವಿನ ಸ್ಪ್ರಿಂಗ್ ಕೆಲವೇ ಮಿಲಿಮೀಟರ್ ಅದುಮಿಕೊಳ್ಳುತ್ತದೆ. ಚರೆ ನಳಿಗೆ ಬಿಟ್ಟು ಒತ್ತಡ ಇಳಿದ ಮೇಲೆ ಆ ಸ್ಪ್ರಿಂಗ್ ಚಿಮ್ಮಿ ಮೈಯನ್ನು ಹಿಂದಕ್ಕೆ ಎಸೆಯುತ್ತದೆ, ಎಸೆತದ ಮೊದಲ ಭಾಗದಲ್ಲೇ ತಲೆ ತಿರುಗಿ ಬೀಗ ಬಿಡುತ್ತದೆ. ಬಿಡಿಭಾಗಗಳು ಕಡಿಮೆ, ಒಳಗೆ ಮಸಿ ಕಡಿಮೆ. ಅಂದಕ್ಕೆ ಹೇಳುವುದಾದರೆ ನನಗೆ ಇದೇ ಎಲ್ಲಕ್ಕಿಂತ ಅಚ್ಚುಕಟ್ಟಾದ ವಿನ್ಯಾಸ.

ಆದರೆ ಯುದ್ಧದ ಕೋವಿಗೆ ಅಂದವೊಂದೇ ಸಾಲದು. ಈ ಪದ್ಧತಿ ನಡೆಯಬೇಕಾದರೆ ಕೋವಿ ಚಲಿಸಬೇಕು. 3.3 ಕೆ.ಜಿ. ಕೋವಿಗೆ ಟಾರ್ಚು, ಪಕ್ಕದಲ್ಲಿ ಹೆಚ್ಚುವರಿ ತೋಟಾಗಳ ಪಟ್ಟಿ ಎಲ್ಲ ಸೇರಿಸಿ ಅರ್ಧ ಕೆ.ಜಿ. ಕಟ್ಟಿದಿರಿ ಎನ್ನಿ, ಒದೆತದ ವೇಗ ನೂರಕ್ಕೆ 13ರಷ್ಟು ಇಳಿಯುತ್ತದೆ. ಬಿರುಸಿನ ತೋಟಾದಲ್ಲಿ ಇದು ಗೊತ್ತೇ ಆಗುವುದಿಲ್ಲ. ಹಗುರದ ತೋಟಾದಲ್ಲಿ ಬೋಲ್ಟು ಪೂರ್ತಿ ಹಿಂದಕ್ಕೆ ಹೋಗದೆ ಖಾಲಿ ತೋಟಾ ಕಿಂಡಿಯಲ್ಲೇ ಸಿಕ್ಕಿಬೀಳುತ್ತದೆ. ಕೋವಿಯ ಹಿಂಬದಿಯನ್ನು ಗೋಡೆಗೋ ನೆಲಕ್ಕೋ ಆನಿಸಿ ಹೊಡೆದರೂ ಅಷ್ಟೇ. ಇನ್ನೊಂದು ಕಾಯಿಲೆ ಇನ್ನೂ ಕೆಟ್ಟದ್ದು. ಬೋಲ್ಟನ್ನು ನಿಧಾನವಾಗಿ ಬಿಟ್ಟರೆ, ಅಥವಾ ಮುಚ್ಚಿದ ಕೋವಿ ಎಲ್ಲಿಗಾದರೂ ತಗುಲಿ ಬೋಲ್ಟು ಕೂದಲೆಳೆಯಷ್ಟು ಹಿಂದೆ ಸರಿದರೆ ತಲೆ ಪೂರ್ತಿ ತಿರುಗಿ ಕೂತಿರುವುದಿಲ್ಲ. ಟ್ರಿಗರ್ ಎಳೆದಾಗ ಟಕ್ ಎಂಬ ಸದ್ದು ಮಾತ್ರ ಬರುತ್ತದೆ. ಬೇಟೆಯಲ್ಲಿ ಹಕ್ಕಿ ಹಾರಿಹೋಯಿತು, ಬಿಡಿ. ಬಾಗಿಲ ಆಚೆ ಬಂದೂಕು ಹಿಡಿದವನು ನಿಂತಿದ್ದರೆ ಆ ಸದ್ದಿಗೆ ಬೇರೆಯದೇ ಅರ್ಥ.

ಮೂರನೆಯದು ಅನಿಲ. ನಳಿಗೆಗೆ ತೂತು ಕೊರೆದು, ಒಳಗಿನ ಒತ್ತಡದ ಒಂದಿಷ್ಟು ಪಾಲನ್ನು ಪಿಸ್ಟನ್‌ಗೆ ಕೊಟ್ಟು ಅದರಿಂದ ಬೋಲ್ಟು ನೂಕಿಸುವುದು. 1963ರ ರೆಮಿಂಗ್ಟನ್ 1100 ಇದರ ಹೆಸರಾಂತ ಮಾದರಿ. ಅನಿಲದ ಪದ್ಧತಿಯಲ್ಲಿ ಹೆಗಲಿಗೆ ಬೀಳುವ ಒದೆತ ಮೆದುವಾಗುತ್ತದೆ, ಏಕೆಂದರೆ ಹೊಡೆತ ಒಂದೇ ಸಲಕ್ಕೆ ಬೀಳದೆ ಹಂಚಿ ಬೀಳುತ್ತದೆ. ತೊಂದರೆ ಎಲ್ಲಿ ಎಂದರೆ ಮಸಿ. ತೂತು ನಳಿಗೆಯ ಮುಂಭಾಗಕ್ಕೆ ಹೋದಷ್ಟೂ ಅಲ್ಲಿಗೆ ಬರುವ ಅನಿಲ ತಣ್ಣಗಾಗಿರುತ್ತದೆ, ಒತ್ತಡ ಇಳಿದಿರುತ್ತದೆ, ಪೂರ್ತಿ ಉರಿಯದ ಮದ್ದು ಜೊತೆಗಿರುತ್ತದೆ. 1100ರಲ್ಲಿ ಮ್ಯಾಗಜೀನ್ ಕೊಳವೆಯ ಮೇಲೆ ಒಂದು ರಬ್ಬರ್ ಉಂಗುರ ಅನಿಲ ಸೋರದಂತೆ ತಡೆಯುತ್ತದೆ. ಕೆಲವೇ ರೂಪಾಯಿಯ ಆ ಉಂಗುರ ಒಣಗಿ ಸೀಳಿದ ದಿನ ಸಾವಿರಾರು ರೂಪಾಯಿಯ ಕೋವಿ ಕೈಯಿಂದ ಎಳೆದು ಹೊಡೆಯುವ ಕೋವಿಯಾಗುತ್ತದೆ.

ಈಗ 1998ಕ್ಕೆ ಬರೋಣ. ಆ ವರ್ಷದ ಮೇ ತಿಂಗಳಲ್ಲಿ ಅಮೆರಿಕದ ಸೇನೆ 12 ಬೋರಿನ ಸೆಮಿ ಆಟೊಮ್ಯಾಟಿಕ್ ಯುದ್ಧ ಕೋವಿ ಬೇಕೆಂದು ಟೆಂಡರ್ ಕರೆಯಿತು. ಬೆನೆಲ್ಲಿ ಕಂಪನಿ, ತನ್ನ ಹೆಮ್ಮೆಯ ಜಡತ್ವ ಪದ್ಧತಿಯನ್ನು ಪಕ್ಕಕ್ಕಿಟ್ಟು, ಅನಿಲದಿಂದ ಓಡುವ ಹೊಸ ಕೋವಿ ಮಾಡಿತು. ಅದೇ ಎಂ4. ಆಗಸ್ಟ್‌ನಲ್ಲಿ ಐದು ಕೋವಿಗಳು ಅಬರ್ಡೀನ್ ಪರೀಕ್ಷಾ ಕೇಂದ್ರಕ್ಕೆ ಹೋದವು, 1999ರ ಆರಂಭದಲ್ಲಿ ಗೆದ್ದದ್ದೂ ಅದೇ. ಸೇನೆಯ ಲೆಕ್ಕದಲ್ಲಿ ಅದರ ಹೆಸರು ಎಂ1014, ಮೊದಲು ಪಡೆದವರು ಮರೀನ್ ಪಡೆಯವರು. ತನ್ನದೇ ಯಶಸ್ವಿ ವಿನ್ಯಾಸವನ್ನು ಕಂಪನಿ ಯಾಕೆ ಬಿಟ್ಟಿತು ಎಂಬುದಕ್ಕೆ ಮೇಲೆ ಹೇಳಿದ ಅರ್ಧ ಕೆ.ಜಿ. ಲೆಕ್ಕ ನೆನಪಿಸಿಕೊಳ್ಳಿ. ಸೈನಿಕ ಕೋವಿಗೆ ಏನೇನು ಕಟ್ಟುತ್ತಾನೆ, ಹೇಗೆ ಹಿಡಿಯುತ್ತಾನೆ ಎಂದು ಕಾರ್ಖಾನೆಯಲ್ಲಿ ಕೂತು ಹೇಳಲಾಗದು.

ಎಂ4ರ ಅನಿಲ ಪದ್ಧತಿಗೆ ಆರ್ಗೊ ಎಂದು ಹೆಸರು. ನಳಿಗೆಯ ಅಡಿಯಲ್ಲಿ, ಚೇಂಬರಿಗೆ ತೀರಾ ಹತ್ತಿರ, ಎರಡು ಪುಟ್ಟ ಗೂಡುಗಳು. ಒಂದೊಂದರಲ್ಲಿ ಒಂದು ಸ್ಟೇನ್‌ಲೆಸ್ ಉಕ್ಕಿನ ಪಿಸ್ಟನ್. ಇಡೀ ಪದ್ಧತಿ ಎಂದರೆ ಈ ನಾಲ್ಕು ಭಾಗ. ಉದ್ದನೆಯ ತಳ್ಳುಸರಳಿಲ್ಲ, ರಬ್ಬರ್ ಉಂಗುರವಿಲ್ಲ. ಪಿಸ್ಟನ್‌ಗಳು ಬೋಲ್ಟಿನ ಮೈಗೆ ನೇರವಾಗಿ ಒಂದು ಗುದ್ದು ಕೊಟ್ಟು ಅಲ್ಲೇ ನಿಲ್ಲುತ್ತವೆ, ಉಳಿದ ದಾರಿಯನ್ನು ಬೋಲ್ಟು ತನ್ನ ವೇಗದಲ್ಲೇ ಕ್ರಮಿಸುತ್ತದೆ. ತೂತು ಚೇಂಬರಿಗೆ ಹತ್ತಿರವಿರುವುದರಿಂದ ಬರುವ ಅನಿಲ ಬಿಸಿ, ಒತ್ತಡ ಹೆಚ್ಚು. ಮಸಿ ಕೂರುವುದಕ್ಕೆ ಮೊದಲೇ ಪಿಸ್ಟನ್ ಅದನ್ನು ಕೆರೆದು ಹಾಕುತ್ತದೆ. 70 ಮತ್ತು 76 ಮಿ.ಮೀ. ತೋಟಾಗಳನ್ನು ಹೇಗೆ ಬೆರೆಸಿ ತುಂಬಿದರೂ ಯಾವ ತಿರುಪೂ ತಿರುಗಿಸಬೇಕಿಲ್ಲ. ದೊಡ್ಡ ಭಾಗಗಳನ್ನು ಬದಲಿಸದೆ 25,000 ಹೊಡೆತ ತಾಳಬೇಕು ಎಂಬುದು ವಿನ್ಯಾಸದ ಗುರಿ. ರಬ್ಬರ್ ಗುಂಡಿನಂಥ ತೀರಾ ಮೆದು ತೋಟಾಗಳನ್ನು ಮಾತ್ರ ಇದೂ ಓಡಿಸದು. ಒಂದೊಂದು ಹೊಡೆತಕ್ಕೂ ಕೈಯಿಂದ ಬೋಲ್ಟು ಎಳೆಯಬೇಕು.

ಆ ಕೊರತೆಗೆ ಮುಂಚೆಯೇ ಇನ್ನೊಂದು ಉತ್ತರ ಬಂದಿತ್ತು. 1979ರ ಫ್ರಾಂಕಿ ಸ್ಪಾಸ್-12 ಒಂದೇ ಕೋವಿಯಲ್ಲಿ ಎರಡೂ: ಮುಂಗೈ ಹಿಡಿಯ ಗುಂಡಿ ಒತ್ತಿ ಸರಿಸಿದರೆ ಸೆಮಿ ಆಟೊಮ್ಯಾಟಿಕ್, ಮತ್ತೆ ಸರಿಸಿದರೆ ಪಂಪ್. ಸಿನಿಮಾದಲ್ಲಿ ಇದಕ್ಕೆ ಸಿಕ್ಕಷ್ಟು ಮರ್ಯಾದೆ ಬ್ಯಾರಕ್ಕಿನಲ್ಲಿ ಸಿಗಲಿಲ್ಲ. ಖಾಲಿ ಇದ್ದಾಗಲೇ ನಾಲ್ಕು ಕೆ.ಜಿ. ದಾಟುವ ಭಾರ, ಬಿಡಿಭಾಗಗಳ ಸಂತೆ.

ತೋಟಾ ತುಂಬುವ ಕಡೆ ಬರೋಣ. ಕೋವಿ ಸಿಕ್ಕಿಬೀಳುವ ಕಾರಣಗಳಲ್ಲಿ ಬಹಳಷ್ಟು ಇಲ್ಲಿವೆ. ಎಂ4ರಲ್ಲಿ ನಳಿಗೆಯ ಕೆಳಗಿನ ಕೊಳವೆಯಲ್ಲಿ ಏಳು ತೋಟಾ, ಒಂದರ ಹಿಂದೆ ಒಂದು. ಸ್ಪ್ರಿಂಗ್ ಅವನ್ನು ಹಿಂದಕ್ಕೆ ನೂಕುತ್ತಿರುತ್ತದೆ, ಒಂದು ಕೊಕ್ಕೆ ತಡೆದಿರುತ್ತದೆ. ಬೋಲ್ಟು ಹಿಂದೆ ಹೋದಾಗ ಒಂದು ತೋಟಾ ಬಿಡುಗಡೆಯಾಗಿ ಕ್ಯಾರಿಯರ್ ಎಂಬ ತೊಟ್ಟಿಲಿಗೆ ಬೀಳುತ್ತದೆ. ಬೋಲ್ಟು ಮುಂದಕ್ಕೆ ಬರುವಾಗ ಆ ತೊಟ್ಟಿಲು ಎದ್ದು ತೋಟಾವನ್ನು ಚೇಂಬರಿನ ಎದುರಿಗೆ ಹಿಡಿಯುತ್ತದೆ. ಇದರಲ್ಲಿ ಸಮಯದ ಆಟವಿದೆ. ಬೋಲ್ಟು ನಿಧಾನವಾದರೆ ಮಾತ್ರ ತೊಂದರೆ ಎಂದು ನೀವು ಅಂದುಕೊಂಡಿರಬಹುದು. ವೇಗ ಹೆಚ್ಚಾದರೂ ತೊಂದರೆಯೇ. ಮ್ಯಾಗಜೀನ್ ಸ್ಪ್ರಿಂಗ್ ದಣಿದಿದ್ದರೆ ತೋಟಾ ತೊಟ್ಟಿಲು ಸೇರುವುದರೊಳಗೆ ಬೋಲ್ಟು ಹಿಂತಿರುಗಿ ಖಾಲಿ ಚೇಂಬರನ್ನು ಮುಚ್ಚಿಬಿಡುತ್ತದೆ. ಹಾಗೆಂದು ಬಿಗಿ ಸ್ಪ್ರಿಂಗ್ ಹಾಕಿದರೆ ಕೊನೆಯ ತೋಟಾ ತುಂಬಲು ಹೆಬ್ಬೆರಳು ಸೋಲುತ್ತದೆ.

ಪೆಟ್ಟಿಗೆ ಮ್ಯಾಗಜೀನ್ ಯಾಕೆ ಬೇಡ ಎಂದು ಕೇಳುತ್ತೀರಿ. ರಷ್ಯದ ಇಷೆವ್ಸ್ಕ್‌ನ ಸೈಗಾ-12 ಅದನ್ನೇ ಮಾಡಿದೆ, ಕಲಾಶ್ನಿಕೋವ್ ರೈಫಲ್‌ನ ಮೈಯೊಳಗೆ ಕೋವಿ ಕೂರಿಸಿದಂತೆ. ಬಿರುಸಿನ ತೋಟಾಗೊಂದು, ಸಾಧಾರಣದ್ದಕ್ಕೊಂದು ಎಂದು ಅನಿಲದ ತಿರುಪಿನಲ್ಲಿ ಎರಡು ಗುರುತು. ಮ್ಯಾಗಜೀನ್ ಬದಲಿಸುವುದು ಬೇಗ, ನಿಜ. ಆದರೆ ಕೋವಿ ತೋಟಾದ ಬುಡಕ್ಕೆ ಅಂಚು ಇದೆ, ಮೈ ಪ್ಲಾಸ್ಟಿಕ್. ಒಂದರ ಮೇಲೊಂದು ಪೇರಿಸಿದಾಗ ಮೇಲಿನದರ ಅಂಚು ಕೆಳಗಿನದರ ಅಂಚಿನ ಹಿಂದೆ ಸಿಕ್ಕಿದರೆ ಮುಂದಕ್ಕೆ ಜಾರುವುದಿಲ್ಲ. ತುಂಬಿಟ್ಟ ಮ್ಯಾಗಜೀನ್ ಬಹಳ ದಿನ ಹಾಗೇ ಉಳಿದರೆ ಸ್ಪ್ರಿಂಗಿನ ಒತ್ತಿಗೆ ಪ್ಲಾಸ್ಟಿಕ್ ಚಪ್ಪಟೆಯಾಗುತ್ತದೆ. ಚಪ್ಪಟೆಯಾದ ತೋಟಾ ದುಂಡು ಚೇಂಬರಿಗೆ ಹೋಗದು. ಕೊಳವೆಯಲ್ಲಾದರೆ ಬೇರೆ ಅನುಕೂಲವೂ ಇದೆ: ಎರಡು ಹೊಡೆದು ಎರಡನ್ನೇ ಮತ್ತೆ ತುಂಬಬಹುದು, ಕೋವಿ ಸದಾ ಹೊಡೆಯಲು ಸಿದ್ಧವೇ ಇರುತ್ತದೆ.

ಕೆಟ್ಟ ಕೋವಿ ಕೈಗೆ ಬಂದರೆ ಹುಡುಕುವ ಕ್ರಮ ಹೀಗೆ. ಮೊದಲು ಚೇಂಬರೂ ಕೊಳವೆಯೂ ಖಾಲಿ ಎಂದು ಕಣ್ಣಿನಿಂದ ನೋಡಿ, ಬೆರಳಿನಿಂದ ಮುಟ್ಟಿ ಖಚಿತ ಮಾಡಿಕೊಳ್ಳಬೇಕು. ಆಮೇಲೆ ಸಿಕ್ಕಿಬಿದ್ದದ್ದು ಏನು ಎಂದು ಕೇಳಬೇಕು. ಖಾಲಿ ತೋಟಾ ಹೊರಗೆ ಬರುವ ಕಿಂಡಿಯಲ್ಲೇ ನಿಂತಿತೆ? ಬೋಲ್ಟಿಗೆ ಕಸುವು ಸಾಲಲಿಲ್ಲ. ಹಗುರ ತೋಟಾ, ಮಸಿ, ಗಟ್ಟಿಯಾದ ಎಣ್ಣೆ, ಈ ಮೂರನ್ನು ನೋಡಿ. ಖಾಲಿ ತೋಟಾ ಚೇಂಬರಿನಲ್ಲೇ ಉಳಿಯಿತೆ? ಎಳೆಯುವ ಉಗುರು ಸವೆದಿದೆ, ಅಥವಾ ತೋಟಾದ ಬುಡ ಕಚ್ಚಿಕೊಂಡಿದೆ. ಅಗ್ಗದ ತೋಟಾಗಳ ಬುಡ ಹಿತ್ತಾಳೆಯದಲ್ಲ, ತೆಳು ಉಕ್ಕಿನದು. ಹೊಡೆತಕ್ಕೆ ಹಿಗ್ಗಿದ ಉಕ್ಕು ಹಿತ್ತಾಳೆಯಷ್ಟು ಸಲೀಸಾಗಿ ಕುಗ್ಗುವುದಿಲ್ಲ, ಬಿಸಿಯೇರಿದ ಚೇಂಬರಿನಲ್ಲಿ ಅಂಟಿಕೊಳ್ಳುತ್ತದೆ.

ಯಾರೂ ನೋಡದ ಜಾಗ ಇನ್ನೊಂದಿದೆ. ಎಂ4ರಲ್ಲಿ ಬೋಲ್ಟನ್ನು ಮುಂದಕ್ಕೆ ತರುವ ಸ್ಪ್ರಿಂಗ್ ಹೆಗಲಿಗೆ ಆನಿಸುವ ಹಿಂಬದಿಯ ಸ್ಟಾಕ್‌ನೊಳಗಿನ ಕೊಳವೆಯಲ್ಲಿ ಇರುತ್ತದೆ. ಆ ಕೋವಿಯ ಸ್ಟಾಕ್ ಒಳಕ್ಕೆ ಸರಿಯುತ್ತದೆಯೇ ಹೊರತು ಪಕ್ಕಕ್ಕೆ ಮಡಚುವುದಿಲ್ಲ, ಕಾರಣ ಈ ಕೊಳವೆ. ಮಳೆಯಲ್ಲಿ ನೀರು ಅದರೊಳಗೆ ಇಳಿದರೆ ಹೊರಗೆ ಒರೆಸಿದವರಿಗೆ ಗೊತ್ತಾಗುವುದಿಲ್ಲ. ತುಕ್ಕು ಹಿಡಿದ ಸ್ಪ್ರಿಂಗ್ ನಿಧಾನಕ್ಕೆ ಬಿಗಿಯಾಗಿ, ಒಂದು ದಿನ ಬೋಲ್ಟು ಪೂರ್ತಿ ಮುಚ್ಚುವುದಿಲ್ಲ. ದೋಷವನ್ನು ಚೇಂಬರಿನಲ್ಲಿ ಹುಡುಕುತ್ತಾ ಕೂರುತ್ತಾರೆ, ಅದು ಕೆನ್ನೆಯ ಕೆಳಗೇ ಇರುತ್ತದೆ. ನಮ್ಮ ಚಳ್ಳಕೆರೆ ಕಡೆಯಂಥ ಒಣಸೀಮೆಯಲ್ಲಿ ನೀರಿಗಿಂತ ದೂಳಿನ ಕಾಟ ಹೆಚ್ಚು. ಅಂಥಲ್ಲಿ ಎಣ್ಣೆ ಹೆಚ್ಚಾದಷ್ಟೂ ದೂಳು ಅಂಟಿ ಅರೆಯುವ ಹಿಟ್ಟಾಗುತ್ತದೆ. ಜಾರುವ ಮೈಗಳಿಗೆ ತೆಳುವಾಗಿ ಸವರಿ ಒರೆಸಬೇಕು. ಪಿಸ್ಟನ್‌ಗೆ ಎಣ್ಣೆ ಸುರಿದರೆ ಬಿಸಿಗೆ ಸುಟ್ಟು ಕರಿಯ ಪೊರೆಯಾಗಿ ಕೂರುತ್ತದೆ.

ನಳಿಗೆಯ ಬಗ್ಗೆ ಬೇಗ ಮುಗಿಸುತ್ತೇನೆ. ಎಂ1014ರ ನಳಿಗೆ 18.5 ಇಂಚು. ಬೋರ್ 18.5 ಮಿ.ಮೀ., ನಳಿಗೆ 18.5 ಇಂಚು, ಗೊಂದಲ ಮಾಡಿಕೊಳ್ಳಬೇಡಿ. ಕೋಣೆ, ಓಣಿ, ವಾಹನದೊಳಗೆ ತಿರುಗಿಸಲು ಅನುಕೂಲವಾಗಲೆಂದು ಗಿಡ್ಡ. ನಮ್ಮ ದೇಶದ ಶಸ್ತ್ರ ನಿಯಮಗಳಲ್ಲಿ 20 ಇಂಚಿಗಿಂತ ಗಿಡ್ಡ ನಳಿಗೆಯ ಕೋವಿ ನಿರ್ಬಂಧಿತ ವರ್ಗಕ್ಕೆ ಸೇರುತ್ತದೆ. ಬೆಳೆ ರಕ್ಷಣೆಗೆ ಲೈಸೆನ್ಸ್ ಪಡೆದ ರೈತರ ಮನೆಯಲ್ಲಿರುವ ಉದ್ದನೆಯ ಒಂಟಿ ನಳಿಗೆ ಕೋವಿಗೂ ಇದಕ್ಕೂ ಕಾನೂನಿನಲ್ಲೇ ಗೋಡೆಯಿದೆ. ಚರೆ ಕೋವಿಗೆ ಗುರಿಯೇ ಬೇಡ, ಸುಮ್ಮನೆ ಆ ಕಡೆ ತಿರುಗಿಸಿದರೆ ಸಾಕು ಎಂಬುದು ಸಿನಿಮಾದ ಮಾತು. ಬಾಯಲ್ಲಿ ಬಿಗಿತ (ಚೋಕ್) ಇಲ್ಲದ ನಳಿಗೆಯಿಂದ ಹೊರಟ ದೊಡ್ಡ ಚರೆ ಮೀಟರಿಗೆ ಸುಮಾರು ಮೂರು ಸೆಂಟಿಮೀಟರ್ ಹರಡುತ್ತದೆ ಎಂಬುದು ಹಳೆಯ ಅಂದಾಜು. ಐದು ಮೀಟರ್ ಕೋಣೆಯಲ್ಲಿ ಅದು ಒಂದು ಗೇಣಿಗಿಂತ ಕಡಿಮೆ. ಹೀಗಾಗಿ ಈ ಕೋವಿಗೆ ರೈಫಲ್‌ನಂತೆ ಹಿಂದೆ ಉಂಗುರ, ಮುಂದೆ ಕಂಬಿ ಇರುವ ಗುರಿಸಾಧನವಿದೆ.

ಇಷ್ಟೆಲ್ಲ ಆದ ಮೇಲೂ ಸೇನೆಗಳು ಕೋವಿಯನ್ನು ಬಾಗಿಲ ಚಿಲಕ ಒಡೆಯುವ ಸಲಕರಣೆಯ ಮಟ್ಟಕ್ಕೆ ಇಳಿಸಿದ್ದವು. ರಷ್ಯ–ಉಕ್ರೇನ್ ಯುದ್ಧ ಅದನ್ನು ಮತ್ತೆ ಮುಂಚೂಣಿಗೆ ತಂದಿತು. ಸ್ಫೋಟಕ ಹೊತ್ತು ಕಂದಕದೊಳಗೆ ನುಗ್ಗುವ ಪುಟ್ಟ ಡ್ರೋನಿಗೆ ರೈಫಲ್ ಗುಂಡು ತಗುಲಿಸುವುದು ಕಷ್ಟ, ಹಕ್ಕಿಗೆಂದೇ ಹುಟ್ಟಿದ ಚರೆಗೆ ಅದು ಪರಿಚಿತ ಗುರಿ. ಇದೇ ಜಿಲ್ಲೆಯಲ್ಲಿ, ಚಳ್ಳಕೆರೆ ತಾಲ್ಲೂಕಿನ ಡಿಆರ್‌ಡಿಒ ಪರೀಕ್ಷಾ ನೆಲೆಯಿಂದ 2022ರ ಜುಲೈ 1ರಂದು ಮಾನವರಹಿತ ಹಾರುರೆಕ್ಕೆಯೊಂದು (ಇಡೀ ಮೈಯೇ ರೆಕ್ಕೆಯಾಗಿರುವ ವಿಮಾನ) ಮೊದಲ ಬಾರಿ ಹಾರಿತು. ಅಂಥ ದೊಡ್ಡ ಯಂತ್ರಗಳಿಗೆ ಕೋವಿ ಎಟುಕದು. ನಾಲ್ಕು ರೆಕ್ಕೆಯ ಪುಟ್ಟ ಡ್ರೋನಿನ ಮಾತು ಬೇರೆ. ಅದಕ್ಕೆ ಬೇಕಾದದ್ದು ಬಿರುಸಾದ ಉದ್ದ ತೋಟಾ, ಸೀಸಕ್ಕಿಂತ ಸಾಂದ್ರವಾದ ಟಂಗ್‌ಸ್ಟನ್ ಚರೆ, ನಳಿಗೆಯ ಬಾಯಲ್ಲಿ ಚರೆಯನ್ನು ಒಟ್ಟಾಗಿಡುವ ಬಿಗಿತ. ಕೋಣೆಯೊಳಗಿನ ಜಗಳಕ್ಕೆಂದು ಗಿಡ್ಡ ಮಾಡಿದ ನಳಿಗೆಯನ್ನು ವಿನ್ಯಾಸಕಾರರು ಈಗ ಮತ್ತೆ ಉದ್ದ ಮಾಡುತ್ತಿದ್ದಾರೆ, ತರಬೇತಿಯವರು ಹಳೆಯ ಬಾತುಕೋಳಿ ಬೇಟೆಯ ಪಾಠವನ್ನು ಸೈನಿಕರಿಗೆ ಹೇಳಿಕೊಡುತ್ತಿದ್ದಾರೆ: ಕೋವಿಯನ್ನು ಗುರಿಯ ಹಿಂದಿನಿಂದ ತಂದು, ಅದನ್ನು ದಾಟಿಸಿ, ನಿಲ್ಲಿಸದೆ ಟ್ರಿಗರ್ ಎಳೆಯಬೇಕು.